ಅಣಬೆಯ ಗುರುತು

ಅರಸರ ಚರಿತ್ರೆಯನ್ನು ಶಾಸನಗಳಿಂದ ಬರೆಯುತ್ತಾರೆ. ಅಣಬೆಯ ಚರಿತ್ರೆಗೆ ಶಾಸನವೂ ಇಲ್ಲ, ತಾಮ್ರಪಟವೂ ಇಲ್ಲ. ಎರಡು ದಿನ ಬಿಟ್ಟರೆ ಕೊಳೆತು ಮಣ್ಣಾಗುವ ಪದಾರ್ಥಕ್ಕೆ ಯಾರು ತಾನೇ ಕಲ್ಲು ನೆಟ್ಟಾರು? ಆದರೂ ಅದಕ್ಕೊಂದು ಚರಿತ್ರೆ ಇದೆ. ಅದರಲ್ಲಿ ಹೆಚ್ಚಿನ ಭಾಗ ಇದ್ದದ್ದು ಹೊಲಕ್ಕೆ ಹೋಗುತ್ತಿದ್ದ ಹೆಂಗಸರ ನೆನಪಿನಲ್ಲಿ.

ಕಾಶ್ಮೀರ, ಹಿಮಾಚಲದ ಕಡೆ ವಸಂತದಲ್ಲಿ ಹಿಮ ಕರಗುತ್ತಿದ್ದಂತೆ ಕಾಡಿನಲ್ಲಿ ಗುಚ್ಚಿ ಎಂಬ ಅಣಬೆ ಏಳುತ್ತದೆ. ಅದರ ತಲೆ ಜೇನುಹುಟ್ಟಿನ ಹಾಗೆ ಗೂಡುಗೂಡಾಗಿರುತ್ತದೆ. ಬೆಟ್ಟದ ಜನ ಅದನ್ನು ಹುಡುಕಿ ತಂದು ಒಣಗಿಸಿ ಮಾರುತ್ತಾರೆ. ಒಣಗಿದ ಒಂದು ಕಿಲೋಗೆ ಸಾವಿರಾರು ರೂಪಾಯಿ. ನಮ್ಮ ಹೊನ್ನಾಳಿ, ನ್ಯಾಮತಿ ಸೀಮೆಯಲ್ಲಿ ವಸಂತವೆಂದರೆ ನೆಲ ಬಾಯಿಬಿಡುವ ಕಾಲ. ಗೋವಿನಕೋವಿಯ ಸುತ್ತಿನ ಹೊಲಗಳಲ್ಲಿ ಅಣಬೆ ಕಾಣಬೇಕಾದರೆ ಮುಂಗಾರು ಬರಬೇಕು. ಮೃಗಶಿರವೋ ಆರಿದ್ರವೋ ಚೆನ್ನಾಗಿ ಹೊಯ್ದು, ಗುಡುಗಿ, ಮಾರನೆಯ ದಿನ ಎಳೆ ಬಿಸಿಲು ಬಿದ್ದರೆ ಹುತ್ತದ ಮಗ್ಗುಲಲ್ಲಿ ಮಣ್ಣು ಸಣ್ಣಗೆ ಬಿರಿಯುತ್ತದೆ. ಅಲ್ಲಿಂದ ಮೊನಚು ತಲೆಯ ಬಿಳಿ ಮೊಗ್ಗು ಇಣುಕುತ್ತದೆ. ಅದು ಹುತ್ತದ ಅಣಬೆ. ತುಳುವರ ಅಳಂಬು, ಕೊಡವರ ಕುಮ್ಮು ಎಂದರೂ ಅಣಬೆಯೇ. ಮಳೆಗಾಲದ ಈ ರುಚಿಗೆ ಕನ್ನಡನಾಡಿನ ಉದ್ದಕ್ಕೂ ಕಾದು ಕೂರುವವರಿದ್ದಾರೆ.

ನಮ್ಮಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಯಾವ ಹೊಲದ ಯಾವ ಬದುವಿನಲ್ಲಿ, ಯಾವ ಮಳೆಗೆ ಅಣಬೆ ಏಳುತ್ತದೆಂದು ಪಂಚಾಂಗದಷ್ಟು ಕರಾರುವಾಕ್ಕಾಗಿ ಹೇಳುತ್ತಿದ್ದಳು. ಕಳೆ ತೆಗೆಯಲು ಹೋದ ಹೆಂಗಸರು ಸಂಜೆ ಮಡಿಲಲ್ಲಿ ಅಣಬೆ ಕಟ್ಟಿಕೊಂಡು ಬರುತ್ತಿದ್ದರು. ಕಾಂಡ ಎಷ್ಟು ಗಟ್ಟಿ, ಬುಡ ಎಷ್ಟು ಆಳಕ್ಕೆ ಇಳಿದಿದೆ, ಕೊಡೆಯ ಕೆಳಗಿನ ಪದರದ ಬಣ್ಣವೇನು, ವಾಸನೆ ಹೇಗಿದೆ ಎಂದು ನೋಡಿಯೇ ಒಲೆಗೆ ಇಡುತ್ತಿದ್ದದ್ದು. ಅನುಮಾನ ಬಂದದ್ದು ತಿಪ್ಪೆಗೆ. "ಎಲ್ಲಾ ಕಿತ್ಕೊಂಡು ಬರಬ್ಯಾಡವ್ವಾ, ಒಂದೆರಡು ಕೊಡೆ ಬಿಚ್ಚಲಿ ಬಿಡು. ಹುತ್ತ ಮಾತ್ರ ಕೆದಕಬ್ಯಾಡ" ಎನ್ನುವುದು ಆಕೆಯ ಕಟ್ಟಪ್ಪಣೆ. ಆಷಾಢದಲ್ಲಿ ಅಣಬೆ ಕೊಟ್ಟ ಹುತ್ತಕ್ಕೇ ಶ್ರಾವಣದ ನಾಗರಪಂಚಮಿಯಲ್ಲಿ ಹಾಲೆರೆಯುತ್ತಿದ್ದರು.

ಹುತ್ತ ಕೆದಕಬಾರದೆಂಬ ಮಾತಿನ ಹಿಂದಿರುವ ಸತ್ಯ ವಿಜ್ಞಾನಕ್ಕೆ ತಿಳಿದದ್ದು ನಿಧಾನವಾಗಿ. ತರಂಗಂಬಾಡಿಯ ಡೇನಿಷ್ ನೆಲೆಗೆ ವೈದ್ಯನಾಗಿ ಬಂದಿದ್ದ ಕೋನಿಗ್ ಎಂಬಾತ, ಗೆದ್ದಲಿನ ಗೂಡಿನೊಳಗೆ ಬೂಷ್ಟು ಬೆಳೆಯುವುದನ್ನು ಕಂಡು 1779ರಲ್ಲಿ ಬರೆದ. 1942ರಲ್ಲಿ ಫ್ರಾನ್ಸಿನ ರೋಜರ್ ಹೈಮ್ ಈ ಅಣಬೆಗಳ ಕುಲಕ್ಕೆ ಟರ್ಮಿಟೊಮೈಸಿಸ್, ಎಂದರೆ ಗೆದ್ದಲಿನ ಶಿಲೀಂಧ್ರ, ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಒಂದು ಬಗೆಗೆ 1979ರಲ್ಲಿ ನಟರಾಜನ್ ಎಂಬ ವಿಜ್ಞಾನಿ ಹೈಮ್ ಅವರ ಹೆಸರನ್ನೇ ಸೇರಿಸಿದರು.

ಒಳಗಿನ ಸಂಸಾರ ಹೀಗಿದೆ. ಗೆದ್ದಲು ಒಣಗಿದ ಎಲೆ, ಕಡ್ಡಿ, ಕಟ್ಟಿಗೆಯನ್ನು ಮೆಲ್ಲುತ್ತದೆ. ಅರೆಬರೆ ಜೀರ್ಣವಾದ ಹಿಕ್ಕೆಯಿಂದ ಹುತ್ತದೊಳಗೆ ರಂಧ್ರರಂಧ್ರವಾದ ಹುಟ್ಟು ಕಟ್ಟುತ್ತದೆ. ಆ ಹುಟ್ಟಿನ ಮೇಲೆ ಶಿಲೀಂಧ್ರ ಬೆಳೆದು, ಗೆದ್ದಲಿಗೆ ಅರಗದ ಗಟ್ಟಿ ನಾರನ್ನು ಮೆತ್ತಗೆ ಮಾಡಿಕೊಡುತ್ತದೆ. ಆಮೇಲೆ ಗೆದ್ದಲು ಉಣ್ಣುತ್ತದೆ. ಮಳೆ ಬಿದ್ದು ಹದ ಬಂದಾಗ ಆ ಹುಟ್ಟಿನಿಂದಲೇ ಉದ್ದನೆಯ ಬೇರಿನಂಥ ಕಾಂಡ ಮೇಲೆದ್ದು ಕೊಡೆ ಬಿಚ್ಚುತ್ತದೆ. ಮನುಷ್ಯ ಬೇಸಾಯ ಕಲಿತು ಸುಮಾರು 10,000 ವರ್ಷವಾದರೆ, ಗೆದ್ದಲಿನ ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ! ಹುಟ್ಟು ಬದುಕಿರುವ ತನಕ ಅದೇ ಜಾಗದಲ್ಲಿ ಮತ್ತೆ ಅಣಬೆ ಕಾಣಬಹುದು. ಹುತ್ತ ಕೆಡವಿದರೆ ಎಲ್ಲವೂ ಮುಗಿಯಿತು.

ಹಾಗಾದರೆ ನಮ್ಮ ಹಳೆಯ ಗ್ರಂಥಗಳು ಅಣಬೆಯ ಮಾತೆತ್ತಿಲ್ಲವೇ? ಎತ್ತಿವೆ. ಮನುಸ್ಮೃತಿಯ ಐದನೆಯ ಅಧ್ಯಾಯ ಬೆಳ್ಳುಳ್ಳಿ, ಈರುಳ್ಳಿಗಳ ಜೊತೆಗೇ ಅಣಬೆಯನ್ನೂ ದ್ವಿಜರಿಗೆ ನಿಷೇಧಿಸಿತು. ಸುಶ್ರುತ ಸಂಹಿತೆ ಹುಲ್ಲು, ಕಬ್ಬು, ಸಗಣಿ, ಬಿದಿರು, ನೆಲ ಎಂದು ಹುಟ್ಟುವ ಜಾಗದ ಮೇಲೆ ಅದನ್ನು ವಿಂಗಡಿಸಿತು. ಒಂದು ಬೇಡವೆಂದಿತು, ಇನ್ನೊಂದು ಪಟ್ಟಿ ಮಾಡಿತು. ಇದನ್ನು ತಿನ್ನಬಹುದು, ಅದರ ಪಕ್ಕದ್ದನ್ನು ಮುಟ್ಟಬಾರದು ಎಂಬ ಗುರುತು ಮಾತ್ರ ಕೂಲಿಗೆ ಹೋಗುವವರ, ದನ ಕಾಯುವವರ, ಬಡತನದಲ್ಲಿ ಸಾರಿಗೆ ದಾರಿ ಹುಡುಕುವ ತಾಯಂದಿರ ಕೈಯಲ್ಲಿ ಉಳಿಯಿತು. ಕೆಲವು ಮನೆಗಳಲ್ಲಿ ಅಣಬೆ ಮಾಂಸದ ಲೆಕ್ಕ. ಅದು ಹಿತ್ತಿಲ ಒಲೆಯ ಮೇಲೆ ಬೇರೆ ಗಡಿಗೆಯಲ್ಲೇ ಬೇಯಬೇಕಿತ್ತು. ಆದರೂ ಕೊತ್ತಂಬರಿ ಬೀಜ, ಬೆಳ್ಳುಳ್ಳಿ, ಕೊಬ್ಬರಿ ಅರೆದು ಹಾಕಿದ ಆ ಸಾರಿನ ಘಮ ಬೀದಿಯ ಕೊನೆಯವರೆಗೂ ಹೋಗುತ್ತಿತ್ತು. ಘಮಕ್ಕೆಲ್ಲಿಯ ಮಡಿ?

ಈಗ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯ ಬಟನ್ ಅಣಬೆ ವರ್ಷವಿಡೀ ಸಿಗುತ್ತದೆ. ಹಿಮಾಚಲದ ಸೋಲನ್‌ನಲ್ಲಿ 1960ರ ದಶಕದಲ್ಲಿ ಆರಂಭವಾದ ಕೆಲಸದ ಫಲವದು. ಚಿಪ್ಪಣಬೆಯನ್ನು ಹುಲ್ಲಿನ ಚೀಲದಲ್ಲಿ ಮನೆಯಲ್ಲೇ ಬೆಳೆಯುವ ಹೆಣ್ಣುಮಕ್ಕಳಿದ್ದಾರೆ. ಇದು ಸಂತೋಷದ ಮಾತೇ. ಹುತ್ತದ ಅಣಬೆಯನ್ನು ಮಾತ್ರ ಹೀಗೆ ಬೆಳೆದು ಮಾರುಕಟ್ಟೆಗೆ ತರಲು ಆಗಿಲ್ಲ. ಅದಕ್ಕೆ ಗೆದ್ದಲೇ ಬೇಕು. ನಮ್ಮ ಕಡೆ ಬದುಗಳು ಸಣ್ಣವಾದವು. ಮೆಕ್ಕೆಜೋಳಕ್ಕೆ, ಅಡಿಕೆಗೆ ಹೊಲ ಸಮಮಾಡುವ ಯಂತ್ರ ಒಂದು ಗಳಿಗೆಯಲ್ಲಿ ಹುತ್ತ ಕೆಡವುತ್ತದೆ. ಕಳೆಗೆ ಔಷಧಿ ಹೊಡೆಯುವುದರಿಂದ ಹೆಂಗಸರು ಕಳೆ ತೆಗೆಯಲು ಸಾಲಾಗಿ ಕೂರುವುದೂ ಕಡಿಮೆಯಾಗಿದೆ. ಹುತ್ತ ಹೋದರೆ ಅಣಬೆ ಹೋಗುತ್ತದೆ. ಹೆಂಗಸರು ನೆಲ ನೋಡುತ್ತಾ ಕೂರುವುದು ನಿಂತರೆ ಗುರುತೂ ಹೋಗುತ್ತದೆ.

ಗುರುತು ಅರ್ಧ ಮರೆತು ಆಸೆ ಮಾತ್ರ ಉಳಿಯುವುದು ಅಪಾಯ. ಬೆಳ್ಳಿ ನಾಣ್ಯ ಕಪ್ಪಾದರೆ ವಿಷ, ಹುಳು ತಿಂದದ್ದು ಕ್ಷೇಮ ಎಂಬ ಮಾತುಗಳಿಗೆ ಯಾವ ಆಧಾರವೂ ಇಲ್ಲ. ಅತ್ಯಂತ ಕೆಟ್ಟ ವಿಷದ ಅಣಬೆ ತಿಂದರೆ ವಾಂತಿ ಭೇದಿ ಸಾಮಾನ್ಯವಾಗಿ 6 ಗಂಟೆ ಕಳೆದ ಮೇಲೆ ಶುರುವಾಗುತ್ತದೆ. ಆಮೇಲೆ ಒಂದು ದಿನ ಗುಣವಾದಂತೆ ಕಂಡರೂ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ಅಣಬೆ ತಿಂದ ಮೇಲೆ ಹೊಟ್ಟೆ ತೊಳಸಿದರೆ ಮನೆಮದ್ದು ಮಾಡುತ್ತಾ ಕೂರದೆ, ಉಳಿದ ಅಣಬೆಯ ಸಮೇತ ಆಸ್ಪತ್ರೆಗೆ ಓಡಬೇಕು.

ಆದ್ದರಿಂದ ಈ ಬರಹ ಓದಿ ಯಾರೂ ಅಣಬೆ ಕೀಳಲು ಹೊರಡಬೇಡಿ. ಅಣಬೆಯ ಗುರುತನ್ನು ಅಕ್ಷರದಲ್ಲಿ ಕೊಡಲು ನನ್ನಿಂದಾಗದು. ನಿಮ್ಮ ತವರಿನಲ್ಲೋ ಅತ್ತೆಮನೆಯಲ್ಲೋ ಅದನ್ನು ಬಲ್ಲ ಹಿರಿಯರಿದ್ದರೆ, ಈ ಮುಂಗಾರಿನಲ್ಲಿ ಮಕ್ಕಳನ್ನು ಕರೆದುಕೊಂಡು ಅವರ ಹಿಂದೆ ಒಮ್ಮೆ ಹೊಲ ಸುತ್ತಿ ಬನ್ನಿ. ಅವರು ಯಾವುದನ್ನು ಕೀಳುತ್ತಾರೆ, ಯಾವುದನ್ನು ಬಿಡುತ್ತಾರೆ, ಏಕೆ ಬಿಡುತ್ತಾರೆ ಎಂದು ಕೇಳಿ. ಆಕೆ ಇರುವಾಗಲೇ ಕೇಳಬೇಕು.