ಮೈಸೂರು ಸಂಸ್ಥಾನದ ಆರಂಭಿಕ ಫುಟ್‌ಬಾಲ್ ಕ್ಲಬ್‌ಗಳು

ಹಳೆಯ ಮೈಸೂರು ಸಂಸ್ಥಾನದಲ್ಲಿ ಫುಟ್‌ಬಾಲ್ ಬೇರುಬಿಟ್ಟದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ. ಬ್ರಿಟಿಷ್ ಸೈನಿಕರ ಆಟವನ್ನು ಸುತ್ತಲಿನ ಬಡಾವಣೆಗಳ ಹುಡುಗರು ನೋಡಿ ಕಲಿತರು, ಬರಿಗಾಲಲ್ಲೇ ಆಡಿ ಪಳಗಿದರು. ಈ ಕೇರಿಗಳಲ್ಲಿ ಬೆಳೆದ ಕ್ಲಬ್‌ಗಳ ಪೈಕಿ ಬೆಂಗಳೂರು ಮುಸ್ಲಿಮ್ಸ್ ಹೆಸರು ಎಲ್ಲಕ್ಕಿಂತ ಮೊದಲು ಬರಬೇಕು.

ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾಯಿತು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದು ಸೈನ್ಯದ ತಂಡಗಳ ಕೈಬಿಡಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅದನ್ನು ಗೆದ್ದಿತು. ಫೈನಲ್‌ನಲ್ಲಿ ಸೋತದ್ದು ಸಾಮಾನ್ಯ ತಂಡವಲ್ಲ, 1934ರಿಂದ ಕಲ್ಕತ್ತಾ ಲೀಗನ್ನು ವರ್ಷ ಬಿಡದೆ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. 1938ರಲ್ಲಿ ಕಪ್ ಮತ್ತೆ ಬೆಂಗಳೂರಿಗೆ ಬಂತು, 1948ರಲ್ಲಿ ಮೂರನೆಯ ಸಲ. 1911ರ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಬ್ರಿಟಿಷ್ ಸೈನ್ಯದ ತಂಡದ ಮೇಲೆ ಕಲ್ಕತ್ತೆಯ ಮೋಹನ್ ಬಾಗಾನ್ ಪಡೆದ ಗೆಲುವು ದೇಶಕ್ಕೆಲ್ಲ ಗೊತ್ತು. 1937ರ ಈ ಗೆಲುವಿಗೆ ಕನ್ನಡ ನಾಡಿನಲ್ಲೂ ಆ ಮನ್ನಣೆ ಸಿಕ್ಕಿಲ್ಲ. ಸಿಗಬೇಕಿತ್ತು.

ಬೆಂಗಳೂರು ಮುಸ್ಲಿಮ್ಸ್ ಪರ ಆಡಿದ ಅಹಮದ್ ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಪ್ರೇಕ್ಷಕರು 'ಪಂಚಪಾಂಡವರು' ಎಂದು ಕೊಂಡಾಡಿದ ಐವರು ಮುಂಚೂಣಿ ಆಟಗಾರರಲ್ಲಿ ಅವರೊಬ್ಬರು. ಬೆಂಗಳೂರಿನವರೇ ಆದ ಕೆ.ಪಿ. ಧನರಾಜ್ ಇನ್ನೊಬ್ಬರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಹುತೇಕ ಆಟಗಾರರು ಬೂಟು ತೊಡದೆ ಫ್ರಾನ್ಸನ್ನು ಎದುರಿಸಿದರು. ಎರಡು ಪೆನಾಲ್ಟಿ ಕೈತಪ್ಪಿ 1–2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10–1ರಿಂದ ಭಾರತವನ್ನು ಬಗ್ಗುಬಡಿಯಿತು. ಆ ಒಂದು ಗೋಲು ಹೊಡೆದವರು ಅಹಮದ್ ಖಾನ್. ಈ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಹೀಗೆ ಬರಿಗಾಲಿನ ಕಾಲದ ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತ ಗಳಿಸಿದ ಎರಡು ಗೋಲುಗಳೂ ಬೆಂಗಳೂರಿಗರ ಕಾಲಿನಿಂದಲೇ ಬಂದವು.

ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ನಾಲ್ಕು ಸಲ ಗೆದ್ದಿದೆ: 1946–47, 1952–53, 1967–68, 1968–69. ಫೈನಲ್‌ನಲ್ಲಿ ಸೋತದ್ದು ಮೂರು ಸಲ ಬಂಗಾಳ, 1967–68ರಲ್ಲಿ ಮದ್ರಾಸ್. ಇಲ್ಲಿ 'ಮೈಸೂರು' ಎಂದರೆ ನಗರವಲ್ಲ, ಇಡೀ ರಾಜ್ಯ. ತಂಡವನ್ನು ಕಟ್ಟಿಕೊಟ್ಟವು ಮುಖ್ಯವಾಗಿ ಬೆಂಗಳೂರಿನ ಕ್ಲಬ್‌ಗಳು.

ಸ್ವಾತಂತ್ರ್ಯದ ನಂತರ ಎಚ್‌ಎಎಲ್, ಐಟಿಐಗಳಂಥ ಸರ್ಕಾರಿ ಕಾರ್ಖಾನೆಗಳು ತಂಡ ಕಟ್ಟಿದವು. ಸಂಬಳದ ಕೆಲಸ ಕೊಡುವ ತಂಡದತ್ತ ಆಟಗಾರರು ಹೋದದ್ದು ಸಹಜ. ಚಂದಾ ಹಣದಲ್ಲಿ ನಡೆಯುವ ಕೇರಿಯ ಕ್ಲಬ್‌ಗೆ ಅದಕ್ಕೆ ಸರಿಗಟ್ಟುವ ಬಲ ಇರಲಿಲ್ಲ. ಆದರೂ ಆಸ್ಟಿನ್ ಟೌನ್, ಗೌತಮಪುರದಂಥ ಬಡಾವಣೆಗಳು ಆಟಗಾರರನ್ನು ಕೊಡುತ್ತಲೇ ಬಂದವು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮೇಲೆ ಮೊದಲ ಸಂತೋಷ್ ಟ್ರೋಫಿ ದೊರೆತದ್ದು 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ.