ಠೇವಣಿ

‘ಇಡುವುದು’ ಎಂಬರ್ಥದ ಮರಾಠಿಯ ‘ಠೇವಣೆ’ಯಿಂದ ಬಂದ ಮಾತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಎರಡು ನುಡಿಯ ಸೀಮೆಯಲ್ಲಿ ಆ ಮೂಲ ಇಂದಿಗೂ ಕಿವಿಗೆ ಬೀಳುತ್ತದೆ. ಪತ್ತಿನ ಸಂಘದ ಮುದ್ದತು ಠೇವಣಿ, ಚುನಾವಣೆಯ ಠೇವಣಿ ಎಲ್ಲರಿಗೂ ಗೊತ್ತು. 2006-07ರ ಭಾಗ್ಯಲಕ್ಷ್ಮಿ ಯೋಜನೆ ಈ ಪದಕ್ಕೆ ಘನತೆ ತಂದಿತು: ಬಡ ಕುಟುಂಬದ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರವೇ ಹಣವಿಟ್ಟಿತು. ಶರತ್ತುಗಳೇ ಅದರ ಜೀವಾಳ: ಲಸಿಕೆ ಹಾಕಿಸಬೇಕು, ಎಂಟನೇ ತರಗತಿವರೆಗಾದರೂ ಓದಿಸಬೇಕು, 18ರೊಳಗೆ ಮದುವೆ ಕೂಡದು. 2020-21ರಿಂದ ಅದು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಯಾಯಿತು. ವರ್ಷಕ್ಕೆ 3,000 ರೂಪಾಯಿ, 15 ವರ್ಷ ಸರ್ಕಾರ ಕಟ್ಟುತ್ತದೆ. ಬಡ್ಡಿ ಸೇರಿ 21 ವರ್ಷಕ್ಕೆ ಪಕ್ವವಾಗುತ್ತದೆ. ಆ ಹಣವನ್ನು ಮದುವೆಯ ಗಂಟು ಎನ್ನಬೇಡಿ. ಮಗಳ ಓದಿನ ಠೇವಣಿ ಎನ್ನಿ.