ಬಿಳಿ ರಕ್ತಕಣಗಳಿಂದ ಬಿಪಿ ಬರುತ್ತದೆಯೇ? ಮಾತ್ರೆ ಬಿಡುವ ಮುನ್ನ ಇದನ್ನು ಓದಿ

ಸಾರಾಂಶ: "ಬಿಪಿಗೆ ಉಪ್ಪು ಕಾರಣವಲ್ಲ, ಬಿಳಿ ರಕ್ತಕಣಗಳು ತರುವ ಉರಿಯೂತ ಕಾರಣ. ಅರಿಶಿನದಿಂದ ಉರಿಯೂತ ಇಳಿಸಿ, ಮಾತ್ರೆ ಬಿಡಿ" ಎನ್ನುವ ಧಾಟಿಯ ಸಂದೇಶವನ್ನು ನಾವು ಪರಿಶೀಲಿಸಿದೆವು. ಮೊದಲ ಮಾತು ಅರ್ಧ ನಿಜ. ಎರಡನೆಯದು ತಪ್ಪು ಮಾತ್ರವಲ್ಲ, ಅಪಾಯಕಾರಿ ಕೂಡ.

ಇವೆರಡಕ್ಕೂ ಸಂಬಂಧ ಇದೆಯೇ?

ಇದೆ. ಗಾಯವಾದ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುವುದು ನಮಗೆಲ್ಲ ಗೊತ್ತು. ಬಿಳಿ ರಕ್ತಕಣಗಳು ಅಲ್ಲಿ ಕೆಲಸಕ್ಕಿಳಿದಿರುವುದರ ಗುರುತು ಅದು, ಅದೇ ಉರಿಯೂತ. ಆದರೆ ಕಣ್ಣಿಗೆ ಕಾಣದ, ನೋವೂ ಕೊಡದ ಸಣ್ಣ ಪ್ರಮಾಣದ ಉರಿಯೂತ ರಕ್ತನಾಳಗಳಲ್ಲಿ, ಮೂತ್ರಪಿಂಡಗಳಲ್ಲಿ ವರ್ಷಗಟ್ಟಲೆ ಇರಬಹುದು.

2007ರಲ್ಲಿ ಟೊಮಾಸ್ ಗುಜಿಕ್, ಡೇವಿಡ್ ಹ್ಯಾರಿಸನ್ ಮತ್ತು ಸಂಗಡಿಗರು ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ನಡೆಸಿದ ಪ್ರಯೋಗ ಈ ವಿಷಯದಲ್ಲಿ ದೊಡ್ಡ ತಿರುವು. ಬಿಳಿ ರಕ್ತಕಣಗಳಲ್ಲಿ ಟಿ ಮತ್ತು ಬಿ ಎಂಬ ಬಗೆಗಳಿವೆ. ಈ ಎರಡೂ ಇಲ್ಲದ ಇಲಿಗಳಿಗೆ ಅವರು ಬಿಪಿ ಏರಿಸುವ ಆಂಜಿಯೋಟೆನ್ಸಿನ್ ಹಾರ್ಮೋನ್ ಕೊಟ್ಟರು. ಸಾಮಾನ್ಯ ಇಲಿಗಳಷ್ಟು ಬಿಪಿ ಏರಲಿಲ್ಲ. ಟಿ ಕಣಗಳನ್ನು ಸೇರಿಸಿ ನೋಡಿದರು, ಏರಿತು. ಬಿ ಕಣ ಸೇರಿಸಿದಾಗ ಏರಲಿಲ್ಲ.

ಟಿ ಕಣಗಳು ಮಾಡುವುದೇನು? ರಕ್ತನಾಳದ ಹೊರಪದರದಲ್ಲೂ ಮೂತ್ರಪಿಂಡದಲ್ಲೂ ಸೇರಿಕೊಂಡು ಸೈಟೋಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಇದರಿಂದ ರಕ್ತನಾಳ ಸಡಿಲಗೊಳ್ಳುವುದು ಕಷ್ಟವಾಗುತ್ತದೆ, ಮೂತ್ರಪಿಂಡ ಉಪ್ಪನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ. ಎರಡೂ ಸೇರಿ ಒತ್ತಡ ಏರುತ್ತದೆ. ಏರಿದ ಒತ್ತಡ ರಕ್ತನಾಳಕ್ಕೆ ಪೆಟ್ಟು ಕೊಟ್ಟು ಇನ್ನಷ್ಟು ಕಣಗಳನ್ನು ಕರೆಯುತ್ತದೆ. ಹಾಗಾಗಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಗೆರೆ ಎಳೆದು ಹೇಳುವುದು ಸುಲಭವಲ್ಲ.

ಹಾಗಾದರೆ ಉಪ್ಪು ನಿರಪರಾಧಿಯೇ?

ಇಲ್ಲ. ಉಪ್ಪು ಹೆಚ್ಚಾದರೆ ಟಿ ಕಣಗಳು ಉರಿಯೂತ ಹೆಚ್ಚಿಸುವ ಬಗೆಗೆ ತಿರುಗುತ್ತವೆ ಎಂದು 2013ರಲ್ಲಿ ಪ್ರಯೋಗಾಲಯದ ಕಣಗಳು ಮತ್ತು ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿದವು. ಅಂದರೆ ಸಂದೇಶ ಬಿಡಿಸಿಕೊಡಲು ಹೊರಟ ಉಪ್ಪು ಈ ದಾರಿಯಲ್ಲೂ ಸಿಕ್ಕಿಬೀಳುತ್ತದೆ! ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಹಾಗೇ ಇದೆ. ಸುಮಾರು ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ.

ರಕ್ತಪರೀಕ್ಷೆಯಲ್ಲಿ ಕೌಂಟ್ ಹೆಚ್ಚು ಬಂದರೆ?

ವಯಸ್ಕರಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಬಿಳಿ ರಕ್ತಕಣ ಇರುವುದು ಸಾಮಾನ್ಯ. ಸೋಂಕು, ಧೂಮಪಾನ, ಸ್ಟೀರಾಯ್ಡ್ ಮಾತ್ರೆಗಳಿಂದ ಅದು ಏರಬಹುದು. ಕೌಂಟ್ ನೋಡಿ ಬಿಪಿ ಇದೆ, ಇಲ್ಲ ಎಂದು ಹೇಳಲಾಗುವುದಿಲ್ಲ. ಅದಕ್ಕೆ ತೋಳಿಗೆ ಪಟ್ಟಿ ಕಟ್ಟಿಯೇ ನೋಡಬೇಕು.

ಉರಿಯೂತ ಇಳಿಸಿದರೆ ಬಿಪಿ ಇಳಿಯುತ್ತದೆಯೇ?

ಸಂದೇಶ ಸಂಪೂರ್ಣ ಎಡವುವುದು ಇಲ್ಲೇ. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪ್ರಯೋಗದಲ್ಲಿ, ಹಿಂದೆ ಹೃದಯಾಘಾತವಾಗಿದ್ದ 10,000ಕ್ಕೂ ಹೆಚ್ಚು ಜನರ ಮೇಲೆ ಕನಾಕಿನುಮ್ಯಾಬ್ ಎಂಬ ಉರಿಯೂತ ತಗ್ಗಿಸುವ ಚುಚ್ಚುಮದ್ದನ್ನು ಪರೀಕ್ಷಿಸಲಾಯಿತು. ಉರಿಯೂತ ಇಳಿಯಿತು, ಮತ್ತೆ ಹೃದಯಾಘಾತವಾಗುವುದೂ ಕಡಿಮೆಯಾಯಿತು. ಆದರೆ ಬಿಪಿ ಇಳಿಯಲಿಲ್ಲ. ಇಷ್ಟು ಪ್ರಬಲ ಔಷಧಿಯಿಂದ ಆಗದ್ದು ಒಂದು ಲೋಟ ಅರಿಶಿನದ ಹಾಲಿನಿಂದ ಆಗುತ್ತದೆ ಎನ್ನಲು ನಮಗೆ ಆಧಾರ ಸಿಗಲಿಲ್ಲ. ಹಾಲು ಕುಡಿಯಿರಿ, ತೊಂದರೆಯಿಲ್ಲ. ಮಾತ್ರೆಯ ಬದಲಿಗೆ ಬೇಡ.

ನಮಗೆ ಹೆಚ್ಚು ಆತಂಕ ತಂದದ್ದು ಇನ್ನೊಂದು ಸಾಧ್ಯತೆ. "ಉರಿಯೂತ ಇಳಿಸಿ" ಎಂದು ಓದಿದವರು ಮೆಡಿಕಲ್ ಶಾಪಿಗೆ ಹೋಗಿ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದುಕೊಂಡರೆ? ಇವು ಉರಿಯೂತ ಇಳಿಸುವ ನೋವುಮಾತ್ರೆಗಳೇ. ಆದರೆ ಮೂತ್ರಪಿಂಡ ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡಿ ಬಿಪಿಯನ್ನು ಏರಿಸುತ್ತವೆ. ಕೆಲವು ಬಿಪಿ ಮಾತ್ರೆಗಳ ಪರಿಣಾಮವನ್ನೂ ತಗ್ಗಿಸುತ್ತವೆ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಮಂಡಿನೋವಿಗೆ ದಿನವೂ ಇವನ್ನು ನುಂಗುತ್ತಿದ್ದರೆ, ಮುಂದಿನ ಸಲ ಬಿಪಿ ತೋರಿಸಲು ಹೋದಾಗ ಆ ಮಾತ್ರೆಯ ಪಟ್ಟಿಯನ್ನೂ ಡಾಕ್ಟರಿಗೆ ತೋರಿಸಿ.

ಕ್ಲೋನಿಡಿನ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳನ್ನು ದಿಢೀರನೆ ನಿಲ್ಲಿಸಿದರೆ ಬಿಪಿ ಒಮ್ಮೆಲೇ ಮೇಲೇರಬಹುದು, ಎದೆನೋವು ಕಾಣಿಸಿಕೊಳ್ಳಬಹುದು. ಈ ಸಂದೇಶ ನಂಬಿ ಈಗಾಗಲೇ ಮಾತ್ರೆ ಬಿಟ್ಟಿದ್ದರೆ ಇಂದೇ ಬಿಪಿ ನೋಡಿಸಿ, ಎಷ್ಟು ದಿನದಿಂದ ಬಿಟ್ಟಿದ್ದೀರಿ ಎಂಬುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ.